ವಿಮ್ಮೋ ಈಮ್ಯಾಕ್ಸೋ, ಟ್ಯಾಬೋ ಸ್ಪೇಸೋ: ತಂಡದೊಳಗೆ ಜಗಳ ಆಡುವ ಕ್ರಮ

ಕೋಡ್ ಬರೆಯುವ ನಾಲ್ಕು ಜನ ಒಂದೆಡೆ ಸೇರಿದರೆ ಸಾಕು, ಈ ಪ್ರಶ್ನೆಗಳು ಎದ್ದೇ ಏಳುತ್ತವೆ. ಕೋಡ್ ಬರೆಯುವ ಎಡಿಟರ್ ವಿಮ್ಮೋ ಈಮ್ಯಾಕ್ಸೋ? ಸಾಲನ್ನು ಒಳಗೆ ಸರಿಸಲು (ಇಂಡೆಂಟ್) ಟ್ಯಾಬೋ ಸ್ಪೇಸೋ? ಕಪ್ಪು ಪರದೆಯೋ ಬಿಳಿ ಪರದೆಯೋ? ಈ ಜಗಳಗಳು ಬೇಕು. ಪಕ್ಕದವರ ಕೈಚಳಕ ನಮಗೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಇಂಥ ಹರಟೆಯಲ್ಲೇ. ಆದರೆ ಇವೆಲ್ಲ ಒಂದೇ ಜಾತಿಯ ಜಗಳಗಳಲ್ಲ. ಕೆಲವನ್ನು ವರ್ಷಗಟ್ಟಲೆ ಎಳೆದರೂ ಯಾರಿಗೂ ನಷ್ಟವಿಲ್ಲ. ಕೆಲವನ್ನು ಪ್ರಾಜೆಕ್ಟಿನ ಮೊದಲ ವಾರದಲ್ಲೇ ಮುಗಿಸದಿದ್ದರೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸ ಓದಲಾಗದಷ್ಟು ಕೆಡುತ್ತದೆ.

ಯಾವುದು ಆಟ, ಯಾವುದು ಒಪ್ಪಂದ

ಪರೀಕ್ಷೆ ಸುಲಭ. ನಿಮ್ಮ ಆಯ್ಕೆ ಗಿಟ್ ಡಿಫ್‌ನಲ್ಲಿ, ಅಂದರೆ ಏನು ಬದಲಾಯಿತೆಂದು ತೋರಿಸುವ ಪಟ್ಟಿಯಲ್ಲಿ, ಕಾಣಿಸುತ್ತದೆಯೇ ನೋಡಿ. ಕಾಣಿಸದಿದ್ದರೆ ಅದು ನಿಮ್ಮ ಸ್ವಂತದ್ದು. ಅದರ ಬಗ್ಗೆ ಎಷ್ಟು ಬೇಕಾದರೂ ಕೆಣಕಾಡಿ. ಎಡಿಟರ್, ಫಾಂಟ್, ಬಣ್ಣ, ಕೀಬೋರ್ಡ್ ವಿನ್ಯಾಸ ಇವೆಲ್ಲ ಈ ಪೈಕಿ. ಡಿಫ್‌ನಲ್ಲಿ ಕಾಣಿಸಿದರೆ ಅದು ಎಲ್ಲರದ್ದು: ಇಂಡೆಂಟ್, ಸಾಲಿನ ಕೊನೆಯ ಗುರುತು, ಒಂಟಿ ಉದ್ಧರಣ ಚಿಹ್ನೆಯೋ ಜೋಡಿಯೋ ಎಂಬುದು, ಬ್ರೇಸ್ ಕೂರುವ ಜಾಗ.

ಎರಡೂ ಕಡೆ ಕಾಲಿಟ್ಟಿರುವ ಸಂಗತಿಗಳೂ ಇವೆ. ನೀವು ಕಮಾಂಡ್ ಟೈಪ್ ಮಾಡುವ ಶೆಲ್ ಬ್ಯಾಷ್ ಇರಲಿ, ಝಡ್‌ಶೆಲ್ ಇರಲಿ, ಫಿಶ್ ಇರಲಿ, ಅದು ನಿಮ್ಮಿಷ್ಟ. ಆದರೆ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಯಾವ ಶೆಲ್ ಹೆಸರಿದೆ ಎಂಬುದು ತಂಡದ ವಿಷಯ. ಉದ್ದನೆಯ ಸಾಲನ್ನು ಪರದೆಯಲ್ಲಿ ಮಾತ್ರ ಮಡಚಿ ತೋರಿಸುವುದು ನಿಮ್ಮಿಷ್ಟ. ನಿಜವಾಗಿ ಎಂಟರ್ ಒತ್ತಿ ಮುರಿದರೆ ತಂಡದ ವಿಷಯ. ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ: ಎಡಿಟರ್ ಬಿಟ್ಟುಹೋಗುವ ಕಸ. ವಿಮ್ ಸ್ವಾಪ್ ಫೈಲು ಇಡುತ್ತದೆ. ಈಮ್ಯಾಕ್ಸ್ ಹೆಸರಿನ ಕೊನೆಗೆ ಟಿಲ್ಡೆ ಹಾಕಿದ ಬ್ಯಾಕಪ್ಪನ್ನೂ ಎರಡೂ ಬದಿಗೆ ಹ್ಯಾಷ್ (#) ಗುರುತಿರುವ ಆಟೊಸೇವ್ ಫೈಲನ್ನೂ ಇಡುತ್ತದೆ. ಇವನ್ನು ಪ್ರಾಜೆಕ್ಟಿನ ಗಿಟ್‌ಇಗ್ನೋರ್‌ಗೆ (ಗಿಟ್ ಗಮನಿಸಬಾರದ ಫೈಲುಗಳ ಪಟ್ಟಿ) ತುಂಬಬೇಡಿ. ಗಿಟ್‌ನ ಗ್ಲೋಬಲ್ ಸೆಟ್ಟಿಂಗ್‌ನಲ್ಲಿ ಕೋರ್ ಡಾಟ್ ಎಕ್ಸ್‌ಕ್ಲೂಡ್ಸ್‌ಫೈಲ್ ಎಂಬುದಿದೆ. ಅದು ತೋರಿಸುವ ನಿಮ್ಮದೇ ಫೈಲಿನಲ್ಲಿ ಬರೆದುಕೊಳ್ಳಿ. ನಿಮ್ಮ ಎಡಿಟರಿನ ಕಸ ಗುಡಿಸುವುದು ನಿಮ್ಮ ಕೆಲಸ.

ಟ್ಯಾಬ್, ಸ್ಪೇಸ್: ಮುಗಿಸಿಬಿಡಬೇಕಾದ ಜಗಳ

ಎರಡೂ ಪಕ್ಷಕ್ಕೆ ಗಟ್ಟಿ ವಾದವಿದೆ. ಟ್ಯಾಬ್ ಅಂದರೆ ಒಂದೇ ಅಕ್ಷರ, ಅದರ ಅಗಲವನ್ನು ಓದುವವರು ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಅಕ್ಷರವನ್ನು ತುಂಬಾ ದೊಡ್ಡದು ಮಾಡಿ ಓದುವವರಿಗೆ ಇದು ದೊಡ್ಡ ಅನುಕೂಲ. ಬೆರಳಿನಿಂದ ಓದುವ ಬ್ರೈಲ್ ಡಿಸ್‌ಪ್ಲೇ ಬಳಸುವವರಿಗಂತೂ ಪ್ರತಿ ಸ್ಪೇಸೂ ಒಂದೊಂದು ಕೋಶ ತಿನ್ನುತ್ತದೆ. ಹಂತಕ್ಕೆ ನಾಲ್ಕು ಸ್ಪೇಸಿನಂತೆ ಮೂರು ಹಂತ ಒಳಗಿರುವ ಸಾಲಿನಲ್ಲಿ ಹನ್ನೆರಡು ಕೋಶ ಬರೀ ಖಾಲಿ. ಸ್ಪೇಸಿನ ಪಕ್ಷದವರ ಬಲ ಇನ್ನೊಂದು ಕಡೆ: ಎಲ್ಲಿ ತೆರೆದರೂ ಫೈಲು ಒಂದೇ ರೀತಿ ಕಾಣುತ್ತದೆ, ಸಾಲಿನ ಮಧ್ಯದಲ್ಲಿ ಹೊಂದಿಸಿಟ್ಟ ಕಾಲಮ್ಮುಗಳು ಕದಲುವುದಿಲ್ಲ.

ಆದರೆ ಹೆಚ್ಚಿನ ಕಡೆ ಈ ತೀರ್ಪನ್ನು ಭಾಷೆಯೇ ಕೊಟ್ಟಾಗಿದೆ. ಗೋ ಭಾಷೆಯ ಕೋಡ್ ಜೋಡಿಸುವ ಸಾಧನ ಗೋಫ್ಮ್ಟ್ ಟ್ಯಾಬನ್ನೇ ಹಾಕುತ್ತದೆ. ಪೈಥಾನಿನ ಶೈಲಿ ಕೈಪಿಡಿ ಪೆಪ್ 8 ಹೇಳುವುದು ನಾಲ್ಕು ಸ್ಪೇಸ್. ಟ್ಯಾಬ್, ಸ್ಪೇಸ್ ಎರಡನ್ನೂ ಗೊಂದಲವಾಗುವಂತೆ ಬೆರೆಸಿದರೆ ಪೈಥಾನ್ 3 ಟ್ಯಾಬ್ ಎರರ್ ಕೊಟ್ಟು ನಿಂತುಬಿಡುತ್ತದೆ. ಸೆಟ್ಟಿಂಗ್ ಬರೆಯಲು ಬಳಸುವ ಯಾಮಲ್ ಫೈಲಿನಲ್ಲಿ ಇಂಡೆಂಟಿಗೆ ಟ್ಯಾಬ್ ನಿಷಿದ್ಧ. ಪ್ರೋಗ್ರಾಂ ಕಟ್ಟುವ ಕ್ರಮ ಬರೆದಿಡುವ ಮೇಕ್‌ಫೈಲಿನಲ್ಲಿ ಕಮಾಂಡಿನ ಸಾಲು ಟ್ಯಾಬಿನಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ‘ಮಿಸ್ಸಿಂಗ್ ಸೆಪರೇಟರ್’ ಎಂಬ ದೂರು ಬರುತ್ತದೆ. ಲಿನಕ್ಸ್ ಕರ್ನೆಲ್ಲಿನಲ್ಲಿ ಎಂಟು ಅಕ್ಷರದಷ್ಟು ಅಗಲದ ಟ್ಯಾಬ್. ಹೀಗೆ ಭಾಷೆಗೋ ಸಮುದಾಯಕ್ಕೋ ಒಂದು ರೂಢಿ ಇದ್ದರೆ ಅದನ್ನೇ ಒಪ್ಪಿಕೊಳ್ಳಿ. ಹಳೆಯ ಪ್ರಾಜೆಕ್ಟಾದರೆ ಈಗ ಫೈಲುಗಳಲ್ಲಿ ಯಾವುದು ಹೆಚ್ಚಿದೆಯೋ ಅದು. ಎರಡೂ ಇಲ್ಲದ ಹೊಸ ಪ್ರಾಜೆಕ್ಟಾದರೆ ನಮ್ಮ ಮತ ಟ್ಯಾಬಿಗೆ. ನಾಳೆ ತಂಡಕ್ಕೆ ಯಾರು ಬರುತ್ತಾರೋ, ಅವರ ಕಣ್ಣಿಗೆ ಏನು ಬೇಕೋ ಇವತ್ತೇ ಗೊತ್ತಾಗುವುದಿಲ್ಲ. ಟ್ಯಾಬ್ ಆ ದಾರಿಯನ್ನು ತೆರೆದಿಡುತ್ತದೆ.

ತೀರ್ಮಾನವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಪ್ರಾಜೆಕ್ಟಿನ ಬೇರು ಫೋಲ್ಡರಿನಲ್ಲಿ ಎಡಿಟರ್‌ಕಾನ್ಫಿಗ್ ಎಂಬ, ಚುಕ್ಕಿಯಿಂದ ಶುರುವಾಗುವ ಫೈಲು ಇಡಿ. ಇಲ್ಲಿ ಉಚ್ಚಾರದಂತೆ ಬರೆದ ಹೆಸರುಗಳನ್ನು ಫೈಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಇಟ್ಟು ಟೈಪ್ ಮಾಡಬೇಕು.

1. ಮೊದಲ ಸಾಲು ರೂಟ್ = ಟ್ರೂ. ಇದಿಲ್ಲದಿದ್ದರೆ ಎಡಿಟರ್ ಮೇಲಿನ ಫೋಲ್ಡರುಗಳಲ್ಲೂ ಹುಡುಕುತ್ತಾ ಹೋಗಿ ಬೇರೆ ಯಾವುದೋ ನಿಯಮವನ್ನು ಹೊತ್ತು ತರುತ್ತದೆ.
2. ಚೌಕ ಆವರಣದೊಳಗೆ ನಕ್ಷತ್ರ ಚಿಹ್ನೆ. ಇದರ ಕೆಳಗೆ ಬರೆದದ್ದು ಎಲ್ಲ ಫೈಲಿಗೂ ಅನ್ವಯ: ಇಂಡೆಂಟ್ ಸ್ಟೈಲ್, ಇಂಡೆಂಟ್ ಸೈಜ್, ಎಂಡ್ ಆಫ್ ಲೈನ್ = ಎಲ್‌ಎಫ್, ಇನ್ಸರ್ಟ್ ಫೈನಲ್ ನ್ಯೂಲೈನ್ = ಟ್ರೂ, ಟ್ರಿಮ್ ಟ್ರೇಲಿಂಗ್ ವೈಟ್‌ಸ್ಪೇಸ್ = ಟ್ರೂ. ಇವುಗಳ ಜೊತೆ ಚಾರ್‌ಸೆಟ್ ಕೂಡ; ಅದರ ಬೆಲೆಯಲ್ಲಿ ಮಾತ್ರ ಯುಟಿಎಫ್ ಆದಮೇಲೆ ಅಡ್ಡಗೆರೆ ಇಟ್ಟು 8 ಬರೆಯಬೇಕು.
3. ಮೇಕ್‌ಫೈಲಿಗೆ ಬೇರೆ ವಿಭಾಗ, ಅಲ್ಲಿ ಇಂಡೆಂಟ್ ಸ್ಟೈಲ್ = ಟ್ಯಾಬ್.
4. ಮಾರ್ಕ್‌ಡೌನ್ ಫೈಲುಗಳಿಗೆ ಇನ್ನೊಂದು ವಿಭಾಗ, ಅಲ್ಲಿ ಟ್ರಿಮ್ ಮಾಡುವುದನ್ನು ಫಾಲ್ಸ್ ಮಾಡಿ. ಮಾರ್ಕ್‌ಡೌನಿನಲ್ಲಿ ಸಾಲಿನ ಕೊನೆಯ ಎರಡು ಸ್ಪೇಸಿಗೆ ಸಾಲು ಮುರಿಯುವ ಅರ್ಥವಿದೆ. ಅವನ್ನು ಕತ್ತರಿಸಿದರೆ ವಿಳಾಸ, ಪದ್ಯ ಎಲ್ಲ ಒಂದೇ ಸಾಲಾಗಿ ಅಂಟಿಕೊಳ್ಳುತ್ತವೆ.

ಫೈಲು ಇಟ್ಟರೂ ಕೆಲಸ ಮಾಡುತ್ತಿಲ್ಲ ಎಂಬ ದೂರು ಬಂದರೆ ಕಾರಣ ಹೆಚ್ಚಾಗಿ ಎಡಿಟರ್. ವಿಎಸ್ ಕೋಡ್‌ಗೆ ಇದಕ್ಕೆಂದೇ ಎಕ್ಸ್‌ಟೆನ್ಷನ್ ಹಾಕಬೇಕು. ಜೆಟ್‌ಬ್ರೈನ್ಸ್ ಎಡಿಟರುಗಳಲ್ಲೂ ನಿಯೋವಿಮ್ 0.9ರಿಂದ ಈಚೆಗೂ ಇದು ಒಳಗೇ ಇದೆ. ವಿಮ್ 9.1ರ ಜೊತೆ ಪ್ಲಗಿನ್ ಬರುತ್ತದೆ, ಆದರೆ ಪ್ಯಾಕ್‌ಆಡ್ ಕಮಾಂಡಿನಿಂದ ಕರೆಯಬೇಕು. ಈಮ್ಯಾಕ್ಸ್ 30ರಲ್ಲಿಯೂ ಇದೆ, ಎಡಿಟರ್‌ಕಾನ್ಫಿಗ್ ಮೋಡ್ ಅನ್ನು ನೀವೇ ಆನ್ ಮಾಡಬೇಕು. ಇನ್ನೊಂದು ಮಾತು: ಈಗಾಗಲೇ ತೆರೆದಿಟ್ಟ ಫೈಲನ್ನು ಒಮ್ಮೆ ಮುಚ್ಚಿ ತೆರೆದರೆ ಮಾತ್ರ ಹೊಸ ನಿಯಮ ಹಿಡಿಯುತ್ತದೆ.

ಹಳೆಯ ಫೈಲುಗಳನ್ನು ಬದಲಿಸುವಾಗ

ಇಂಡೆಂಟಿನ ಈ ನಿಯಮ ಹೊಸದಾಗಿ ಟೈಪ್ ಮಾಡುವ ಸಾಲಿಗೆ ಅನ್ವಯಿಸುತ್ತದೆಯೇ ಹೊರತು ಹಳೆಯ ಸಾಲುಗಳನ್ನು ಮುಟ್ಟುವುದಿಲ್ಲ. ಅವನ್ನು ಬದಲಿಸುವ ಕೆಲಸ ಅವಸರದಲ್ಲಿ ಮಾಡುವಂಥದ್ದಲ್ಲ. ಒಮ್ಮೆಲೇ ಎಲ್ಲ ಫೈಲು ಬದಲಾದರೆ ಯಾವ ಸಾಲು ಯಾರು ಬರೆದದ್ದೆಂದು ಹೇಳುವ ಗಿಟ್ ಬ್ಲೇಮ್ ಪ್ರತಿ ಸಾಲಿಗೂ ಫಾರ್ಮ್ಯಾಟ್ ಮಾಡಿದವರ ಹೆಸರನ್ನೇ ತೋರಿಸುತ್ತದೆ; ಆ ಸಾಲು ಯಾಕೆ ಹಾಗೆ ಬರೆದದ್ದು ಎಂದು ಕೇಳಲು ಯಾರೂ ಸಿಗುವುದಿಲ್ಲ.

ತೆರೆದ ಬ್ರಾಂಚುಗಳು (ಪ್ರತ್ಯೇಕವಾಗಿ ನಡೆಯುವ ಕೆಲಸದ ಕವಲುಗಳು) ಆದಷ್ಟು ಮುಖ್ಯ ಕೋಡಿಗೆ ಮರ್ಜ್ ಆಗಿರುವ ದಿನ ಆರಿಸಿಕೊಳ್ಳಿ. ಕೋಡಿನ ರೂಪವನ್ನು ತಾನಾಗಿ ಸರಿಪಡಿಸುವ ಫಾರ್ಮ್ಯಾಟರಿನ ಆವೃತ್ತಿಯನ್ನು ಪ್ರಾಜೆಕ್ಟಿನಲ್ಲೇ ನಿಗದಿ ಮಾಡಿ, ಇಲ್ಲದಿದ್ದರೆ ಇಬ್ಬರ ಯಂತ್ರದಲ್ಲಿ ಎರಡು ಆವೃತ್ತಿ ಇದ್ದು ಒಂದೇ ಫೈಲು ಹಿಂದೆ ಮುಂದೆ ಓಡಾಡುತ್ತದೆ. ಬರೀ ಇಂಡೆಂಟ್ ಬದಲಿಸಿದ್ದರೆ ಗಿಟ್ ಡಿಫ್‌ಗೆ ಅಡ್ಡಗೆರೆ ಡಬ್ಲ್ಯು ಸೇರಿಸಿ ನೋಡಿ, ಏನೂ ಕಾಣಿಸಬಾರದು. ಪೈಥಾನ್‌ಗೆ ಈ ಪರೀಕ್ಷೆ ಸಾಲದು. ಅಲ್ಲಿ ಇಂಡೆಂಟೇ ಅರ್ಥ ಕೊಡುವುದರಿಂದ ಡಿಫ್ ಖಾಲಿ ಇದ್ದರೂ ಪ್ರೋಗ್ರಾಂ ಕೆಟ್ಟಿರಬಹುದು, ಟೆಸ್ಟುಗಳನ್ನು ಓಡಿಸಲೇಬೇಕು. ಈ ಕಮಿಟ್ಟಿನಲ್ಲಿ (ಗಿಟ್‌ನಲ್ಲಿ ಒಟ್ಟಿಗೆ ದಾಖಲಿಸಿದ ಬದಲಾವಣೆ) ಬೇರೆ ಒಂದೇ ಒಂದು ಅಕ್ಷರದ ಬದಲಾವಣೆಯೂ ಇರಬಾರದು.

ಆಮೇಲೆ ಆ ಕಮಿಟ್ಟಿನ ಪೂರ್ತಿ ಹ್ಯಾಷನ್ನು (ಅದರ ಗುರುತಿನ ಸಂಖ್ಯೆ) ಒಂದು ಫೈಲಿನಲ್ಲಿ ಬರೆದಿಡಿ. ರೂಢಿಯ ಹೆಸರು ಚುಕ್ಕಿಯಿಂದ ಶುರುವಾಗುವ ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್. ಈ ಹೆಸರಿದ್ದರೆ ಗಿಟ್‌ಹಬ್ ತಾನಾಗಿಯೇ ಓದಿಕೊಳ್ಳುತ್ತದೆ. ನಿಮ್ಮ ಯಂತ್ರದಲ್ಲಿ ಬ್ಲೇಮ್ ಡಾಟ್ ಇಗ್ನೋರ್‌ರೆವ್ಸ್‌ಫೈಲ್ ಎಂಬ ಸೆಟ್ಟಿಂಗಿಗೆ ಇದನ್ನು ಕೊಡಿ. 2019ರಲ್ಲಿ ಬಂದ ಗಿಟ್ 2.23ರಿಂದ ಈಚಿನ ಎಲ್ಲದರಲ್ಲೂ ಈ ಸೌಕರ್ಯವಿದೆ. ಎರಡು ಕಡೆ ಎಡವುತ್ತಾರೆ. ಒಂದು, ಬ್ರಾಂಚಿನಲ್ಲಿದ್ದಾಗಿನ ಹ್ಯಾಷ್ ಬರೆದಿಟ್ಟು ಆಮೇಲೆ ಸ್ಕ್ವಾಷ್ ಮರ್ಜ್ (ಎಲ್ಲ ಕಮಿಟ್ಟುಗಳನ್ನು ಒಂದೇ ಮಾಡಿ ಸೇರಿಸುವುದು) ಮಾಡುವುದು. ಹ್ಯಾಷೇ ಬದಲಾಗಿರುತ್ತದೆ, ಬರೆದಿಟ್ಟದ್ದು ಯಾವ ಕೆಲಸಕ್ಕೂ ಬರುವುದಿಲ್ಲ. ಮುಖ್ಯ ಬ್ರಾಂಚಿಗೆ ಸೇರಿದ ಮೇಲೆ ಎರಡನೆಯ ಕಮಿಟ್ಟಿನಲ್ಲಿ ಹ್ಯಾಷ್ ಬರೆಯಿರಿ. ಇನ್ನೊಂದು, ಈ ಸೆಟ್ಟಿಂಗನ್ನು ಗ್ಲೋಬಲ್ ಮಾಡುವುದು. ಆ ಫೈಲು ಇಲ್ಲದ ಬೇರೆ ರೆಪೊಸಿಟರಿಗಳಲ್ಲಿ ಬ್ಲೇಮ್ ಓಡುವುದೇ ಇಲ್ಲ.

ಸಾಲಿನ ಕೊನೆಯ ಗುರುತು

ವಿಂಡೋಸ್ ಸಂಪ್ರದಾಯದಲ್ಲಿ ಸಾಲು ಮುಗಿಯುವುದು ಸಿಆರ್, ಎಲ್‌ಎಫ್ ಎಂಬ ಎರಡು ಅಕ್ಷರದಿಂದ. ಯುನಿಕ್ಸ್ ಕಡೆ ಎಲ್‌ಎಫ್ ಒಂದೇ. ಇದು ತಪ್ಪಿದಾಗ ಲಿನಕ್ಸಿನಲ್ಲಿ ಸ್ಕ್ರಿಪ್ಟ್ ಓಡಿಸಿದರೆ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ಬರುತ್ತದೆ, ಶೆಲ್ಲಿನ ಹೆಸರಿನ ಕೊನೆಗೆ ಟೋಪಿ ಗುರುತು, ಎಮ್ ಅಂಟಿಕೊಂಡಿರುತ್ತದೆ. ಆ ಎಮ್ಮೇ ಹೆಚ್ಚಿನ ಸಿಆರ್. ಈ ಗುರುತನ್ನು ತಾನಾಗಿ ಬದಲಿಸುವ ಗಿಟ್‌ನ ಆಟೊಸಿಆರ್‌ಎಲ್‌ಎಫ್ ಸೆಟ್ಟಿಂಗ್ ಒಬ್ಬೊಬ್ಬರ ಯಂತ್ರದಲ್ಲಿ ಒಂದೊಂದು ಥರ ಇರುವುದರಿಂದ ಅದನ್ನು ನಂಬಬೇಡಿ. ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ನಕ್ಷತ್ರ ಚಿಹ್ನೆ, ಸ್ಪೇಸ್, ಟೆಕ್ಸ್ಟ್=ಆಟೊ ಎಂದು ಬರೆಯಿರಿ; ಶೆಲ್ ಸ್ಕ್ರಿಪ್ಟುಗಳಿಗೆ ಇಒಎಲ್=ಎಲ್‌ಎಫ್, ವಿಂಡೋಸ್ ಬ್ಯಾಚ್ ಫೈಲುಗಳಿಗೆ ಇಒಎಲ್=ಸಿಆರ್‌ಎಲ್‌ಎಫ್. ನಂತರ ಗಿಟ್ ಆಡ್ ಕಮಾಂಡಿಗೆ ರಿನಾರ್ಮಲೈಸ್ ಸೇರಿಸಿ ಓಡಿಸಿ, ಅದನ್ನೂ ಪ್ರತ್ಯೇಕ ಕಮಿಟ್ ಮಾಡಿ.

ವಿಮ್, ಈಮ್ಯಾಕ್ಸ್: ಅದಲುಬದಲಿನ ಮಧ್ಯಾಹ್ನ

ಇಲ್ಲಿಂದ ಮುಂದೆ ಆಟ. ಎರಡೂ ಮನೆತನದ ಮೂಲ ಒಂದೇ ವರ್ಷದ್ದು, 1976. ಬಿಲ್ ಜಾಯ್ ಬರ್ಕ್ಲಿಯಲ್ಲಿ ವಿಮ್‌ನ ಪೂರ್ವಜ ವಿಐ ಬರೆಯಲು ಶುರುಮಾಡಿದರು. ಎಂಐಟಿಯಲ್ಲಿ ಟೆಕೊ ಎಂಬ ಎಡಿಟರಿನ ಮ್ಯಾಕ್ರೊಗಳಾಗಿ (ಒಟ್ಟಿಗೆ ಓಡುವ ಕಮಾಂಡುಗಳ ಸರಣಿ) ಈಮ್ಯಾಕ್ಸ್ ಹುಟ್ಟಿತು, ರಿಚರ್ಡ್ ಸ್ಟಾಲ್‌ಮನ್ ಮತ್ತು ಗೈ ಸ್ಟೀಲ್ ಅವರ ಕೈಯಲ್ಲಿ. ಬ್ರಾಮ್ ಮೂಲೆನಾರ್ ಅವರ ವಿಮ್ ಹೊರಬಂದದ್ದು 1991ರಲ್ಲಿ. ಬಿಲ್ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಅಚ್ಚಾಗಿದ್ದವು, ಎಸ್ಕೇಪ್ ಇದ್ದದ್ದು ಈಗಿನ ಟ್ಯಾಬ್ ಕೀ ಜಾಗದಲ್ಲಿ. ಇತ್ತ ಲಿಸ್ಪ್ ಯಂತ್ರಗಳ ಕೀಬೋರ್ಡಿನಲ್ಲಿ ಕಂಟ್ರೋಲ್ ಸ್ಪೇಸ್‌ಬಾರಿನ ಪಕ್ಕದಲ್ಲೇ ಇತ್ತು. ಈಗ ಒಂದು ಪಕ್ಷ ಎಸ್ಕೇಪ್ ದೂರ ಎಂದೂ ಇನ್ನೊಂದು ಪಕ್ಷ ಕಿರುಬೆರಳು ನೋಯುತ್ತದೆ ಎಂದೂ ಗೊಣಗುವುದಕ್ಕೆ ಕಾರಣ ಕೀಬೋರ್ಡ್ ಬದಲಾದದ್ದು. ಎರಡಕ್ಕೂ ಮದ್ದು ಒಂದೇ: ಕ್ಯಾಪ್ಸ್ ಲಾಕನ್ನು ವಿಮ್‌ನವರು ಎಸ್ಕೇಪ್ ಮಾಡಿಕೊಳ್ಳಿ, ಈಮ್ಯಾಕ್ಸ್‌ನವರು ಕಂಟ್ರೋಲ್ ಮಾಡಿಕೊಳ್ಳಿ.

ಆಟದ ಕ್ರಮ ಇದು. ಬಿಡುಗಡೆಯ ಒತ್ತಡವಿಲ್ಲದ ಒಂದು ಮಧ್ಯಾಹ್ನ, ಪ್ರತಿಯೊಬ್ಬರೂ ಎದುರು ಪಕ್ಷದ ಎಡಿಟರಿನಲ್ಲಿ ಒಂದು ಸಣ್ಣ ಕೆಲಸ ಮುಗಿಸಬೇಕು. ಅದಕ್ಕೆ ಮೊದಲು ಅರ್ಧ ಗಂಟೆ ಪಾಠ. ವಿಮ್ ಕಲಿಯುವವರು ಟರ್ಮಿನಲ್ಲಿನಲ್ಲಿ ವಿಮ್‌ಟ್ಯೂಟರ್ ಎಂದು ಟೈಪ್ ಮಾಡಲಿ. ಈಮ್ಯಾಕ್ಸ್ ಕಲಿಯುವವರು ಕಂಟ್ರೋಲ್-ಎಚ್, ಆಮೇಲೆ ಟಿ ಒತ್ತಲಿ.

ವಿಮ್‌ಗೆ ಬಂದವರು ನೆನಪಿಡಬೇಕಾದ್ದು: ಏನೇ ಗೊಂದಲವಾದರೂ ಮೊದಲು ಎಸ್ಕೇಪ್. ಉಳಿಸದೆ ಹೊರಬರಲು ಕೋಲನ್, ಕ್ಯೂ, ಆಶ್ಚರ್ಯಸೂಚಕ, ಎಂಟರ್. ಉಳಿಸಿ ಹೊರಬರಲು ಶಿಫ್ಟ್ ಹಿಡಿದು ಝಡ್ ಎರಡು ಸಲ. ಹೊರಬರಲು ತಿಳಿಯದೆ ಒದ್ದಾಡುವುದು ನಾಚಿಕೆಯ ವಿಷಯವಲ್ಲ: ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋದಲ್ಲಿ ಇದೇ ಪ್ರಶ್ನೆಯನ್ನು 2017ರ ಹೊತ್ತಿಗೆ ಹತ್ತು ಲಕ್ಷ ಸಲ ನೋಡಲಾಗಿತ್ತು. ಕ್ಯಾಪ್ಸ್ ಲಾಕ್ ಆನ್ ಆಗಿದ್ದರೆ ಕೆಳಗಿಳಿಸಬೇಕಾದ ಜೆ ಸಾಲುಗಳನ್ನು ಅಂಟಿಸುತ್ತಾ ಹೋಗುತ್ತದೆ. ಲಾಕ್ ತೆಗೆದು ಯು ಒತ್ತಿ ಹಿಂದಕ್ಕೆ ಬನ್ನಿ. ಅಭ್ಯಾಸಬಲದಿಂದ ಕಂಟ್ರೋಲ್-ಎಸ್ ಒತ್ತಿ ಟರ್ಮಿನಲ್ ಸ್ತಬ್ಧವಾದರೆ ಕಂಟ್ರೋಲ್-ಕ್ಯೂ ಒತ್ತಿ. ಅದು ವಿಮ್ ಕೆಟ್ಟದ್ದಲ್ಲ, ಟರ್ಮಿನಲ್ಲಿನ ಹಳೆಯ ತಡೆ-ಬಿಡು ಸಂಕೇತ. ಕಂಟ್ರೋಲ್-ಝಡ್ ಒತ್ತಿ ವಿಮ್ ಮಾಯವಾದರೆ ಎಫ್‌ಜಿ ಎಂದು ಟೈಪ್ ಮಾಡಿದರೆ ಮರಳಿ ಬರುತ್ತದೆ.

ಈಮ್ಯಾಕ್ಸ್‌ಗೆ ಬಂದವರಿಗೆ: ಅರ್ಧಕ್ಕೆ ನಿಂತದ್ದೆಲ್ಲ ರದ್ದಾಗಲು ಕಂಟ್ರೋಲ್-ಜಿ, ಅದಕ್ಕೂ ಬಗ್ಗದಿದ್ದರೆ ಎಸ್ಕೇಪ್ ಮೂರು ಸಲ. ಉಳಿಸಲು ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎಸ್, ಹೊರಬರಲು ಕಂಟ್ರೋಲ್-ಎಕ್ಸ್ ಕಂಟ್ರೋಲ್-ಸಿ. ಹೊಸಬರನ್ನು ಹೆಚ್ಚು ಕಾಡುವುದು ಅನ್‌ಡೂ. ಕಂಟ್ರೋಲ್ ಜೊತೆ ಓರೆಗೆರೆ ಒತ್ತಿ ಹಿಂದೆ ಹೋಗುತ್ತಿರುವಾಗ ನಡುವೆ ಬೇರೆ ಯಾವುದೇ ಕೀ ಒತ್ತಿದರೆ ದಿಕ್ಕು ತಿರುಗುತ್ತದೆ: ಮಾಡಿದ ಅನ್‌ಡೂಗಳನ್ನೇ ಅನ್‌ಡೂ ಮಾಡತೊಡಗುತ್ತದೆ. ಹಾಗಾಗಿ ಹಿಂದೆ ಹೋಗುವಾಗ ಬೇರೆ ಕೀ ಮುಟ್ಟಬೇಡಿ. ವಿಮ್ ಬೆರಳುಗಳನ್ನು ಬಿಡಲಾಗದವರಿಗೆ ಈವಿಲ್ ಎಂಬ ಪ್ಯಾಕೇಜ್ ಇದೆ, ಈಮ್ಯಾಕ್ಸ್ ಒಳಗೆ ವಿಮ್ ಕೀಗಳನ್ನು ತಂದುಕೊಡುತ್ತದೆ. ಅದಲುಬದಲಿನ ದಿನ ಮಾತ್ರ ಅದಕ್ಕೆ ಅವಕಾಶ ಇಲ್ಲ.

ವಿಎಸ್ ಕೋಡ್ ಬಳಗದವರನ್ನು ಪ್ರೇಕ್ಷಕರಾಗಿ ಕೂರಿಸಬೇಡಿ, ಮೂರನೆಯ ಪಕ್ಷ ಮಾಡಿ. ಕಮಿಟ್ ಸಂದೇಶ ಬರೆಯಲು ಗಿಟ್‌ಗೆ ಅದನ್ನು ಎಡಿಟರ್ ಎಂದು ಕೊಡುವಾಗ ಕೋಡ್ ಎಂಬುದಾದ ಮೇಲೆ ಎರಡು ಅಡ್ಡಗೆರೆ ಇಟ್ಟು ವೇಟ್ ಎಂದು ಸೇರಿಸುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಕಿಟಕಿ ತೆರೆದ ತಕ್ಷಣ ಕೆಲಸ ಮುಗಿಯಿತೆಂದು ಗಿಟ್ ಭಾವಿಸುತ್ತದೆ, ಸಂದೇಶ ಖಾಲಿ ಎಂದು ಕಮಿಟ್ಟನ್ನೇ ಕೈಬಿಡುತ್ತದೆ.

ನಲವತ್ತು ಸಾಲಿನ ಪಂದ್ಯ

ಯಾರು ವೇಗಿ ಎಂಬ ವಾದ ಬಾಯಲ್ಲಿ ಮುಗಿಯುವುದಿಲ್ಲ, ಪಂದ್ಯ ಇಡಿ. 40 ಸಾಲಿನ ಫೈಲು, ಪ್ರತಿ ಸಾಲಿನಲ್ಲಿ ಹೆಸರು, ಅಲ್ಪವಿರಾಮ, ಸ್ಪೇಸ್, ಸಂಖ್ಯೆ. ಅದು ಸಂಖ್ಯೆ, ಕೋಲನ್, ಸ್ಪೇಸ್, ಹೆಸರು ಎಂದಾಗಬೇಕು. ಸರಿಯುತ್ತರದ ಫೈಲನ್ನು ಮೊದಲೇ ಮಾಡಿಟ್ಟು ಡಿಫ್ ಕಮಾಂಡಿನಿಂದ ಹೋಲಿಸಿ. ತಪ್ಪಾದ ಪ್ರತಿ ಸಾಲಿಗೆ ಹತ್ತು ಸೆಕೆಂಡ್ ದಂಡ. ಮೊದಲ ಸುತ್ತು ಯಾವ ಪ್ಲಗಿನ್ನೂ ಇಲ್ಲದೆ, ಎರಡನೆಯದು ಸ್ವಂತ ಸೆಟ್ಟಿಂಗಿನಲ್ಲಿ.

ವಿಮ್‌ನಲ್ಲಿ ಮ್ಯಾಕ್ರೊ ದಾರಿ: ಮೊದಲ ಸಾಲಿನ ಆರಂಭದಲ್ಲಿ ನಿಂತು ಕ್ಯೂ, ಎ ಒತ್ತಿದರೆ ರೆಕಾರ್ಡಿಂಗ್ ಶುರು. ಜೋಡಿ ಉದ್ಧರಣ ಚಿಹ್ನೆ, ಬಿ, ಡಿ, ಟಿ, ಅಲ್ಪವಿರಾಮ: ಹೆಸರು ಬಿ ರಿಜಿಸ್ಟರಿಗೆ (ಅಳಿಸಿದ್ದನ್ನು ಇಟ್ಟುಕೊಳ್ಳುವ ಜಾಗ) ಹೋಯಿತು. ಎಕ್ಸ್ ಎರಡು ಸಲ: ಅಲ್ಪವಿರಾಮ, ಸ್ಪೇಸ್ ಹೋದವು. ಶಿಫ್ಟ್-ಎ, ಕೋಲನ್, ಸ್ಪೇಸ್, ಎಸ್ಕೇಪ್. ಮತ್ತೆ ಜೋಡಿ ಉದ್ಧರಣ, ಬಿ, ಪಿ. ಜೆ, ಸೊನ್ನೆ, ಕ್ಯೂ. ಈಗ 39, ಆಟ್ ಚಿಹ್ನೆ, ಎ. ಬಿ ರಿಜಿಸ್ಟರನ್ನು ಹೆಸರಿಸದೆ ಸುಮ್ಮನೆ ಅಳಿಸಿದರೆ ಕೆಡುತ್ತದೆ: ಆಮೇಲಿನ ಎಕ್ಸ್ ಅದೇ ಜಾಗಕ್ಕೆ ಸ್ಪೇಸನ್ನು ತುಂಬುತ್ತದೆ, ಪಿ ಒತ್ತಿದಾಗ ಹೆಸರಿನ ಬದಲು ಬರೀ ಸ್ಪೇಸ್ ಬೀಳುತ್ತದೆ.

ಈಮ್ಯಾಕ್ಸ್‌ನಲ್ಲಿ ಎಫ್3 ಒತ್ತಿ ಶುರು. ಕಂಟ್ರೋಲ್-ಎ, ಆಲ್ಟ್-ಝಡ್, ಅಲ್ಪವಿರಾಮ: ಹೆಸರು ಅಲ್ಪವಿರಾಮದ ಸಮೇತ ಎದ್ದಿತು. ಕಂಟ್ರೋಲ್-ಡಿ ಸ್ಪೇಸಿಗೆ. ಕಂಟ್ರೋಲ್-ಇ, ಕೋಲನ್, ಸ್ಪೇಸ್, ಕಂಟ್ರೋಲ್-ವೈ, ಬ್ಯಾಕ್‌ಸ್ಪೇಸ್. ಕಂಟ್ರೋಲ್-ಎನ್, ಕಂಟ್ರೋಲ್-ಎ, ಎಫ್4. ಕೊನೆಗೆ ಕಂಟ್ರೋಲ್-ಯು, ಸೊನ್ನೆ, ಎಫ್4 ಎಂದರೆ ದೋಷ ಬರುವವರೆಗೂ ಓಡುತ್ತದೆ. ಸಾಲು ಎಣಿಸುವ ಗೊಡವೆಯೇ ಇಲ್ಲ.

ತೀರ್ಪುಗಾರರಿಗೆ ಒಂದು ಸಲಹೆ: 17ನೆಯ ಸಾಲಿನಲ್ಲಿ ಬೇಕೆಂದೇ ಅಲ್ಪವಿರಾಮ ಬಿಟ್ಟುಬಿಡಿ. ವಿಮ್‌ನ ಟಿ ಅದೇ ಸಾಲಿನೊಳಗೆ ಮಾತ್ರ ಹುಡುಕುವುದರಿಂದ ಮ್ಯಾಕ್ರೊ ಅಲ್ಲಿಯೇ ನಿಲ್ಲುತ್ತದೆ. ಆ ಸಾಲನ್ನು ಕೈಯಲ್ಲಿ ತಿದ್ದಿ, ಕೆಳಗಿನ ಸಾಲಿನ ಆರಂಭಕ್ಕೆ ಹೋಗಿ 23 ಸಲ ಓಡಿಸಿದರೆ ಆಯಿತು. ಈಮ್ಯಾಕ್ಸ್‌ನ ಆಲ್ಟ್-ಝಡ್ ಸಾಲು ದಾಟಿ 18ನೆಯ ಸಾಲಿನ ಅಲ್ಪವಿರಾಮದವರೆಗೂ ನುಂಗುತ್ತದೆ, ಎರಡು ಸಾಲು ಬೆರೆತು ಹೋಗುತ್ತವೆ, ಉಳಿದದ್ದೆಲ್ಲ ಸರಿಯಾಗಿ ಕಾಣುವುದರಿಂದ ತಪ್ಪು ಥಟ್ಟನೆ ಗೊತ್ತಾಗುವುದಿಲ್ಲ. ಈ ಸುತ್ತಿನ ಅಂಕ ವಿಮ್‌ಗೆ.

ಹೆಸರುಗಳನ್ನು ಕನ್ನಡದಲ್ಲಿ ಟೈಪ್ ಮಾಡಬೇಕಾದ ಸುತ್ತು ಇಟ್ಟರೆ ತಕ್ಕಡಿ ವಾಲುತ್ತದೆ. ಸಿಸ್ಟಮ್ಮಿನ ಕನ್ನಡ ಕೀಬೋರ್ಡ್ ಆನ್ ಇರುವಾಗ ಎಸ್ಕೇಪ್ ಒತ್ತಿ ಕಮಾಂಡ್ ಕೊಟ್ಟರೆ ವಿಮ್‌ಗೆ ತಲುಪುವುದು ಕನ್ನಡ ಅಕ್ಷರ. ಪ್ರತಿ ಸಲ ಕೀಬೋರ್ಡ್ ಬದಲಿಸಬೇಕು. ಈಮ್ಯಾಕ್ಸ್‌ನಲ್ಲಿ ಕನ್ನಡ-ಐಟ್ರಾನ್ಸ್ ಒಳಗೇ ಇದೆ, ಕಂಟ್ರೋಲ್ ಜೊತೆ ಹಿಮ್ಮುಖ ಓರೆಗೆರೆ ಒತ್ತಿ ಆನ್-ಆಫ್ ಮಾಡಬಹುದು, ಕಮಾಂಡುಗಳಿಗೆ ಅಡ್ಡಿಯಾಗುವುದಿಲ್ಲ. ಇಬ್ಬರಿಗೂ ಒಂದು ಎಚ್ಚರಿಕೆ: ಬಹಳಷ್ಟು ಟರ್ಮಿನಲ್ಲುಗಳು ಒತ್ತಕ್ಷರಗಳನ್ನು ಒಡೆದು ತೋರಿಸುತ್ತವೆ, ಕರ್ಸರ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಈ ಸುತ್ತನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವ ಆವೃತ್ತಿಯಲ್ಲೇ ಆಡಿಸಿ.

ಕಪ್ಪು, ಬಿಳಿ

ಇದರಲ್ಲಿ ತೀರ್ಪಿಗಿಂತ ಸಂದರ್ಭ ಮುಖ್ಯ. ಬೆಳಕು ಚೆನ್ನಾಗಿರುವ ಕೋಣೆಯಲ್ಲಿ ಬಿಳಿ ಹಿನ್ನೆಲೆ ಸುಲಭ. ಕಪ್ಪು ಪರದೆ ನೋಡುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಅಸ್ಟಿಗ್ಮಾಟಿಸಮ್ (ಕಣ್ಣಿನ ವಕ್ರತೆಯ ದೋಷ) ಇರುವವರಿಗೆ ಅಕ್ಷರದ ಅಂಚು ಹರಡಿದಂತೆ ಕಾಣಬಹುದು. ಕಪ್ಪಿನಿಂದ ಬ್ಯಾಟರಿ ಉಳಿಯುವುದು ಓಎಲ್ಇಡಿ ಪರದೆಯಲ್ಲಿ. ಸಾಮಾನ್ಯ ಎಲ್‌ಸಿಡಿಯಲ್ಲಿ ಹಿಂಬದಿಯ ದೀಪ ಹೇಗಿದ್ದರೂ ಉರಿಯುತ್ತಲೇ ಇರುತ್ತದೆ. ಪ್ರೊಜೆಕ್ಟರಿನಲ್ಲಿ ತೋರಿಸುವಾಗ ಮಾತ್ರ ಹಠ ಬಿಟ್ಟು ಬಿಳಿಗೆ ಬನ್ನಿ. ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು, ದೀಪ ಹೊತ್ತಿದ ಕೋಣೆಯಲ್ಲಿ ಆ ಕಪ್ಪೆಲ್ಲ ಮಾಸಲು ಬೂದು.

ಎಲ್ಲಿ ಕೆಡುತ್ತದೆ

ಆಟ ಕಹಿಯಾಗುವ ಜಾಗಗಳು ಮೂರು. ಕೋಡ್ ರಿವ್ಯೂ ಒಂದು: ಫಾರ್ಮ್ಯಾಟರ್ ಆಕ್ಷೇಪಿಸದ ಸ್ಪೇಸಿನ ಬಗ್ಗೆ ಅಲ್ಲಿ ಬರೆಯಬೇಡಿ, ನಿಜಕ್ಕೂ ನಿಯಮ ಬದಲಾಗಬೇಕಿದ್ದರೆ ಎಡಿಟರ್‌ಕಾನ್ಫಿಗ್ ಫೈಲನ್ನೇ ತಿದ್ದಿ ಪುಲ್ ರಿಕ್ವೆಸ್ಟ್ (ಬದಲಾವಣೆಯ ಪ್ರಸ್ತಾವ) ಕಳಿಸಿ. ನೇಮಕಾತಿಯ ಸಂದರ್ಶನ ಇನ್ನೊಂದು. ಅಲ್ಲಿ ಎದುರಿಗಿರುವವರಿಗೆ ಇದು ತಮಾಷೆ ಎಂದು ಖಾತ್ರಿಯಾಗುವ ಬಗೆಯೇ ಇಲ್ಲ, ಯಾವ ಎಡಿಟರ್ ಎಂದು ಕೇಳಲೇಬೇಡಿ. ಮೂರನೆಯದು ಹೊಸಬರು ಸಹಾಯ ಕೇಳಿ ಬಂದ ಹೊತ್ತು. ಲೂಪಿನಲ್ಲಿ ಸಿಕ್ಕಿಬಿದ್ದವರಿಗೆ ಎಡಿಟರ್ ಬದಲಿಸು ಎನ್ನುವುದು ಉತ್ತರವಲ್ಲ. ಮೊದಲು ಅವರ ಲೂಪ್ ಬಿಡಿಸಿ, ಅವರದೇ ಎಡಿಟರಿನಲ್ಲಿ, ಕೀಬೋರ್ಡನ್ನು ಅವರ ಕೈಯಲ್ಲೇ ಬಿಟ್ಟು. ಮುಂದಿನ ಅದಲುಬದಲಿಗೆ ಕರೆಯುವುದು ಆಮೇಲೆ. ಆಗ ಅವರು ಯಾವ ಪಕ್ಷ ಸೇರಬೇಕೆಂಬುದನ್ನು ಅವರೇ ಆರಿಸಿಕೊಳ್ಳಲಿ.